ರಿಂಗ್‌ರೋಡ್ ಭಾವ

ನಮ್ಮ ಭಾವನವರು ದೊಡ್ಡ ಊರುಗಳನ್ನೆಲ್ಲ ಅವುಗಳ ಬೆನ್ನಿನ ಕಡೆಯಿಂದ ಬಲ್ಲವರು. ಯಾವ ಮಹಾನಗರದ ಮಾತೆತ್ತಿದರೂ ಅದರ ಗೋಪುರಗಳಾಗಲಿ, ಉದ್ಯಾನಗಳಾಗಲಿ, ಜಗಜಗಿಸುವ ಅಂಗಡಿಬೀದಿಗಳಾಗಲಿ ಅವರ ಕಣ್ಣಿಗೆ ಬಿದ್ದಿರುವುದಿಲ್ಲ. ಅವರು ಕಂಡಿರುವುದು ಊರು ತನ್ನ ಹಿಂದಕ್ಕೆ ಸರಿಸಿಟ್ಟ ಸಂಗತಿಗಳನ್ನು: ಕಲ್ಲು ಒಡೆಯುವ ಕ್ವಾರಿ, ಗೋದಾಮುಗಳ ಸಾಲು, ಅರ್ಧಕ್ಕೆ ನಿಂತ ಮೇಲ್ಸೇತುವೆ, ತುಕ್ಕು ತಿಂದ ಬಸ್ಸುಗಳ ಬಯಲು, ಕಟ್ಟಕಡೆಯ ಪೆಟ್ರೋಲ್ ಬಂಕು. "ಆ ಊರಾ? ಭೇಷಾದ ಊರು," ಎನ್ನುತ್ತಾರೆ. "ಪೂರ್ವಕ್ಕೆ ಸುತ್ತಿದರೆ ಇಟ್ಟಿಗೆ ಗೂಡು ಸಿಗುತ್ತೆ, ಪಶ್ಚಿಮಕ್ಕೆ ಸುತ್ತಿದರೆ ಸ್ಮಶಾನ. ನನ್ನ ಕೇಳಿದರೆ ಸ್ಮಶಾನದ ಕಡೇನೇ ವಾಸಿ, ರಸ್ತೆ ಚೆನ್ನಾಗಿದೆ, ಅಡ್ಡ ಬರೋರು ಯಾರೂ ಇಲ್ಲ." ನಮ್ಮ ಮನೆತನದ ಎಳೆಯರೆಲ್ಲ ಸೇರಿ ಅವರಿಗೆ ರಿಂಗ್‌ರೋಡ್ ಭಾವ ಎಂದು ಹೆಸರಿಟ್ಟು ಬಹಳ ಕಾಲವಾಯಿತು. ಆ ಹೆಸರು ತಮಗೆ ಗೊತ್ತಿಲ್ಲವೆಂಬಂತೆ ಅವರೂ, ಅವರಿಗೆ ಗೊತ್ತಿದೆಯೆಂಬುದು ನಮಗೆ ಗೊತ್ತಿಲ್ಲವೆಂಬಂತೆ ನಾವೂ ನಡೆದುಕೊಂಡು ಬಂದಿದ್ದೇವೆ.

ಅವರು ನನ್ನ ಅಕ್ಕನ ಗಂಡ. ಬದುಕಿನ ಬಹುಭಾಗವನ್ನು ಒಂದು ಮಹಾನಗರದ ಸಿಟಿ ಬಸ್ಸಿನ ಚಾಲಕನ ಆಸನದಲ್ಲಿ ಕಳೆದವರು. ಕ್ಲಚ್ಚು ಒತ್ತಿ ಒತ್ತಿ ಪಳಗಿದ ಅವರ ಎಡಗಾಲು ಇಂದಿಗೂ ನಡೆಯುವಾಗ ನೆಲವನ್ನು ಒಮ್ಮೆ ಗಟ್ಟಿಯಾಗಿ ಒತ್ತಿ, ನಿಧಾನವಾಗಿ ಬಿಡುತ್ತದೆ. ಅವರು ಅಂಗಳ ದಾಟಿ ಬರುವುದನ್ನು ನೋಡಿದರೆ ಮನುಷ್ಯ ಗೇರು ಬದಲಿಸಿಕೊಂಡೇ ಬರುತ್ತಿದ್ದಾನೆ ಅನ್ನಿಸುತ್ತದೆ. ನಮ್ಮೆದುರು ಕುಳಿತು ಮಾತಾಡುವಾಗಲೂ ಆಗಾಗ ನಮ್ಮ ಬಲಭುಜದ ಆಚೆಗೊಮ್ಮೆ, ಎಡಭುಜದ ಆಚೆಗೊಮ್ಮೆ ಕಣ್ಣು ಹಾಯಿಸುವುದು ಅವರ ರೂಢಿ. ಹೊಸಬರು ಗಾಬರಿಯಾಗಿ ಹಿಂತಿರುಗಿ ನೋಡುತ್ತಾರೆ. ಅಲ್ಲೇನೂ ಇರುವುದಿಲ್ಲ, ಭಾವ ಕನ್ನಡಿ ನೋಡಿಕೊಂಡಿರುತ್ತಾರೆ, ಅಷ್ಟೆ. ಚಳಿಯಿರಲಿ ಬಿಸಿಲಿರಲಿ, ನಿವೃತ್ತಿಯ ದಿನ ತೊಟ್ಟಿದ್ದ ಸಮವಸ್ತ್ರದ ಕೋಟು ಅವರ ಮೈಮೇಲಿರುತ್ತದೆ. ಅದರ ಗುಂಡಿಗಳು ಒಂದೊಂದಾಗಿ ಉದುರಿದಂತೆಲ್ಲ ಅಕ್ಕ ತನ್ನ ಹೊಲಿಗೆ ಡಬ್ಬಿಯಿಂದ ಕೈಗೆ ಸಿಕ್ಕಿದ ಬಣ್ಣದ ಗುಂಡಿ ಹೊಲಿದಿದ್ದರಿಂದ, ಆ ಗಂಭೀರವಾದ ಬೂದುಬಣ್ಣದ ಮೇಲೆ ಒಂದು ಹಸಿರು, ಒಂದು ಕೆಂಪು, ಒಂದು ಹೂವಿನಾಕಾರದ ಬಿಳಿ ಗುಂಡಿ ಸಾಲಾಗಿ ಕುಳಿತಿವೆ.

ನಿವೃತ್ತರಾದ ಮೇಲೆ ಅವರು ಮಾಡಿದ ಮೊದಲ ಕೆಲಸವೆಂದರೆ ಗುಜರಿಗೆ ಹೊರಟಿದ್ದ ಒಂದು ಚಿಕ್ಕ ಬಸ್ಸನ್ನು ಕೊಂಡು ತಂದದ್ದು. ಡಿಪೋದ ಹಳೆಯ ಗೆಳೆಯರನ್ನು ಕಟ್ಟಿಕೊಂಡು ಅದರ ಸೀಟುಗಳನ್ನೆಲ್ಲ ಕಿತ್ತುಹಾಕಿ, ಹಿಂಬದಿಗೆ ಮಂಚ, ನಡುವೆ ಒಲೆ ಮತ್ತು ಪಾತ್ರೆ ತೊಳೆಯುವ ತೊಟ್ಟಿ, ಮೂಲೆಯಲ್ಲಿ ಒಬ್ಬರು ಹೊಕ್ಕರೆ ತಿರುಗಲೂ ಆಗದಂಥ ಒಂದು ಶೌಚದ ಗೂಡು, ನೆತ್ತಿಯ ಮೇಲೆ ನೀರಿನ ಟ್ಯಾಂಕು, ಇಷ್ಟನ್ನೂ ಕೂರಿಸಿ ಅದಕ್ಕೆ ಮನೆಗಾಡಿ ಎಂದು ಹೆಸರಿಟ್ಟರು. ಮುಂದೆ ಎರಡು ಆಸನ: ಒಂದು ಅವರದು, ಪಕ್ಕದ್ದು ಅಕ್ಕನದು. ಅಂದಿನಿಂದ ಗಂಡಹೆಂಡಿರು ವರ್ಷದಲ್ಲಿ ಮುಕ್ಕಾಲು ಪಾಲು ರಸ್ತೆಯ ಮೇಲೆಯೇ ಇರುತ್ತಿದ್ದರು. ಉಳಿದ ಕಾಲು ಪಾಲು ನನ್ನ ಮನೆಯ ಹಿತ್ತಲಲ್ಲಿ ಗಾಡಿ ನಿಲ್ಲಿಸಿಕೊಂಡು, ಮನೆಯೊಳಕ್ಕೆ ಬನ್ನಿರೆಂದು ನಾನು ಎಷ್ಟು ಗೋಗರೆದರೂ ಬಾರದೆ, ಅದರಲ್ಲೇ ಸಂಸಾರ ಹೂಡುತ್ತಿದ್ದರು. ನಾನು ಒಂಟಿ ಮನುಷ್ಯ. ಹಿತ್ತಲಲ್ಲಿ ಸಂಜೆ ಅವರ ಕಿಟಕಿಯ ದೀಪ ಹೊತ್ತಿಕೊಂಡರೆ ನನಗೆ ಅದೇ ಒಂದು ಸಮಾಧಾನ.

ಈ ಸಂಚಾರಕ್ಕೆ ಭಾವ ಹಾಕಿಕೊಂಡಿದ್ದ ಕಟ್ಟಳೆಗಳು ಅನೇಕ. ದೊಡ್ಡ ಊರಿನೊಳಕ್ಕೆ ಕಾಲಿಡಕೂಡದು. ಇಡಲೇಬೇಕಾದರೆ ಹಿಂದಿನ ಸಂಜೆಯೇ ಊರ ಹೊರಗೆ ತಂಗಿ, ಹಾಲಿನ ವ್ಯಾನುಗಳು ಓಡಾಡುವ ಹೊತ್ತಿಗೆ ನುಗ್ಗಿ, ಶಾಲೆಯ ಬಸ್ಸುಗಳು ಹೊರಡುವ ಮುಂಚೆ ಆಚೆ ಬಂದುಬಿಡಬೇಕು. ಕೆಳಸೇತುವೆ ಕಂಡರೆ ಇಳಿದು, ನೆತ್ತಿಯ ಟ್ಯಾಂಕು ತಾಗುವುದೋ ಇಲ್ಲವೋ ಎಂದು ನೋಡಿಯೇ ಮುಂದುವರಿಯಬೇಕು. ಇವೆಲ್ಲಕ್ಕಿಂತ ಮೇಲಿನದೊಂದಿತ್ತು. ಅವರ ಸಿಟಿ ಬಸ್ಸಿನಲ್ಲಿ ಚಾಲಕನ ತಲೆಯ ಹಿಂದೆ ಒಂದು ತಗಡು ಇರುತ್ತಿತ್ತು: 'ವಾಹನ ಚಲಿಸುವಾಗ ಚಾಲಕರೊಡನೆ ಮಾತನಾಡಬಾರದು.' ಆ ತಗಡನ್ನು ಅವರು ತರಲಿಲ್ಲ, ಆದರೆ ಅದರ ಆಜ್ಞೆಯನ್ನು ತಂದಿದ್ದರು. ಚಕ್ರ ಉರುಳುತ್ತಿರುವಷ್ಟು ಹೊತ್ತು ಭಾವ ಮಾತಾಡುವುದಿಲ್ಲ. ಆಡಿಸಿದರೂ ಆಡುವುದಿಲ್ಲ, ಹೂಂ ಎನ್ನುವುದಿಲ್ಲ, ಉಹೂಂ ಎನ್ನುವುದಿಲ್ಲ.

ಅಕ್ಕನೋ, ಬಾಯಿಗೆ ಬೀಗ ಹಾಕಿದರೆ ಕಿಟಕಿಯಿಂದಲಾದರೂ ಮಾತಾಡುವ ಜಾತಿ. ಆದರೂ ಈ ಮೌನದ ಜೊತೆ ಆಕೆ ಒಂದು ರಾಜಿ ಮಾಡಿಕೊಂಡಿದ್ದಳು. ಗಾಡಿ ಓಡುವಾಗ ಕಂಡಕ್ಟರನ ಎರಡೇ ಶಬ್ದ ಆಕೆಯದು, ನಿಲ್ಲಬೇಕಾದರೆ "ಹೋಲ್ಡಾನ್", ಹೊರಡಬೇಕಾದರೆ "ರೈಟ್". ಮಿಕ್ಕ ಮಾತನ್ನೆಲ್ಲ ಒಳಗೇ ಕೂಡಿಹಾಕಿಕೊಂಡು, ಕೆಂಪು ದೀಪ ಬಿದ್ದದ್ದೇ ತಡ, ಮಗಳ ಕೆಲಸ, ನನ್ನ ಕೆಮ್ಮು, ಹಿಂದಿನ ಊರಿನ ಹೆಂಗಸು ಹೇಳಿದ ಗುಟ್ಟು, ತನ್ನ ಮಂಡಿನೋವು, ಎಲ್ಲವನ್ನೂ ಒಂದೇ ಉಸಿರಿಗೆ ಗಂಡನ ಮುಂದೆ ಸುರಿಯುತ್ತಿದ್ದಳು. ಗಾಡಿ ನಿಂತಿತೆಂದರೆ ಭಾವನೂ ಬೇರೆಯೇ ಮನುಷ್ಯ; ಸ್ಟೀರಿಂಗಿನ ಮೇಲೆ ಮೊಣಕೈ ಊರಿ, ಆಕೆಯ ಕಡೆ ಪೂರ್ತಿ ತಿರುಗಿ, ಕೇಳುತ್ತಿದ್ದರು, ಉತ್ತರಿಸುತ್ತಿದ್ದರು, ಜಗಳವಾಡುತ್ತಿದ್ದರು. ಹಸಿರು ಬಿದ್ದರೆ ಭಾವನಿಗೆ ಖುಷಿ, ಕೆಂಪು ಬಿದ್ದರೆ ಅಕ್ಕನಿಗೆ. ಕಟ್ಟಳೆಯೆಲ್ಲ ತಲೆಕೆಳಗಾಗಿ ಎಲ್ಲಾದರೂ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರಂತೂ ಆಕೆಗೆ ಹಬ್ಬ. ಒಮ್ಮೆ ಹೀಗೆ ಒಂದು ಸೇತುವೆಯ ಮೇಲೆ ಅರ್ಧ ದಿನ ಅಲುಗಾಡದೆ ನಿಂತಾಗ ಆಕೆ ಒಲೆ ಹೊತ್ತಿಸಿ, ಅಕ್ಕಪಕ್ಕದ ಕಾರಿನವರಿಗೆಲ್ಲ ಚಹಾ ಮಾಡಿಕೊಟ್ಟು, ಶೌಚಕ್ಕೆ ಅವಸರವಾಗಿದ್ದ ಹೆಂಗಸರಿಗೆ ಗೂಡಿನ ಬಾಗಿಲು ತೆರೆದು, ಸಾಲು ಸಡಿಲವಾಗುವ ಹೊತ್ತಿಗೆ ಆ ಸೇತುವೆಯ ಸೋದರತ್ತೆಯಾಗಿಬಿಟ್ಟಿದ್ದಳಂತೆ. "ನಿಮ್ಮಕ್ಕ ಹೊರಡೋವಾಗ ಬೇಜಾರು ಮಾಡ್ಕೊಂಡಳು ಕಣಯ್ಯ, ಇನ್ನೊಂದು ಸ್ವಲ್ಪ ಹೊತ್ತು ನಿಂತಿದ್ದರೆ ಏನಾಗ್ತಿತ್ತು ಅಂತ," ಎಂದು ಭಾವ ಈ ಕಥೆಯನ್ನು ನಗುನಗುತ್ತ ಹೇಳುತ್ತಿದ್ದರು.

ಅಕ್ಕ ಹೋದದ್ದು ರಸ್ತೆಯ ಮೇಲಲ್ಲ, ಆಸ್ಪತ್ರೆಯ ಹಾಸಿಗೆಯಲ್ಲಿ. ಯಾರೂ ದೊಡ್ಡದೆಂದು ಎಣಿಸದಿದ್ದ ಒಂದು ಜ್ವರಕ್ಕೆ. ಕರ್ಮಾಂತರಗಳು ಮುಗಿದ ಮೇಲೆ ಭಾವ ಇನ್ನು ಗಾಡಿ ಮಾರಿ ಮಗಳ ಮನೆಗೋ ನನ್ನ ಮನೆಗೋ ಬಂದು ಸೇರುತ್ತಾರೆಂದು ನಾವೆಲ್ಲ ಎಣಿಸಿದ್ದೆವು. ಅವರು ಒಂದು ಬೆಳಿಗ್ಗೆ ಟ್ಯಾಂಕಿಗೆ ನೀರು ತುಂಬಿಸಿಕೊಂಡು ಹೊರಟೇಬಿಟ್ಟರು. ಅಲ್ಲಿಂದ ಅವರ ಕಟ್ಟಳೆ ಕಬ್ಬಿಣವಾಯಿತು. ಮೊದಲು ಊರನ್ನು ಒಂದು ಸುತ್ತು ಸುತ್ತುತ್ತಿದ್ದವರು ಈಗ ಅದರ ರಿಂಗ್‌ರೋಡಿಗೂ ಹೊರಗಿನ ಇನ್ನೊಂದು ರಿಂಗ್‌ರೋಡನ್ನು ಹುಡುಕತೊಡಗಿದರು. ಕೇಳಿದವರಿಗೆಲ್ಲ ಒಂದೇ ಉತ್ತರ: "ಜೀವಮಾನ ಪೂರ್ತಿ ಟ್ರಾಫಿಕ್ಕಿನಲ್ಲಿ ಕೂತವನು ನಾನು, ಇನ್ನು ಸಾಕಪ್ಪ." ಇದು ನ್ಯಾಯವಾದ ಮಾತೆಂದು ಎಲ್ಲರಂತೆ ನಾನೂ ಒಪ್ಪಿಕೊಂಡಿದ್ದೆ.

ಆಮೇಲೊಮ್ಮೆ, ಅವರೊಬ್ಬರೇ ಅಲೆಯುವುದನ್ನು ನೋಡಲಾರದೆ, ನಾನೇ ಹಟ ಹಿಡಿದು ಅವರ ಜೊತೆ ಒಂದು ಪ್ರವಾಸ ಹೊರಟೆ. ಮುಂದೆ ಕೂರಲು ಹೋದರೆ ಪಕ್ಕದ ಆಸನದಲ್ಲಿ ಅಕ್ಕನ ನೀಲಿ ಶಾಲು ಮಡಿಸಿ ಇಟ್ಟಿತ್ತು. ಅದರ ಮೇಲೆ ಸೀಟಿನ ಬೆಲ್ಟನ್ನು ಎಳೆದು ಸಿಕ್ಕಿಸಿತ್ತು. "ಹಿಂದೆ ಮಂಚ ಇದೆಯಲ್ಲ, ಆರಾಮಾಗಿ ಕೂತ್ಕೋ," ಎಂದರು ಭಾವ, ಕನ್ನಡಿ ಸರಿಪಡಿಸುತ್ತ. ನಾನು ಹಿಂದೆ ಹೋಗಿ ಮಂಚದ ಮೇಲೆ ಕುಳಿತೆ. ಅಂದು ದಾರಿಯಲ್ಲಿ ಒಂದು ದೊಡ್ಡ ಊರು ಎದುರಾಗಬೇಕಿತ್ತು. ಅದನ್ನು ತಪ್ಪಿಸಲು ಅವರು ಹಿಡಿದ ದಾರಿಯಲ್ಲಿ ಕ್ವಾರಿಯ ಧೂಳು ತಿಂದು, ಜಲ್ಲಿ ಲಾರಿಗಳ ಹಿಂದೆ ತೆವಳಿ, ಒಂದು ಕೆರೆಯ ಏರಿಯ ಮೇಲೆ ಎದುರು ಬಂದ ಟ್ರ್ಯಾಕ್ಟರಿಗಾಗಿ ಹಿಂದಕ್ಕೆ ಸರಿದು, ಸಂಜೆಯ ಹೊತ್ತಿಗೆ ಅದೇ ಊರಿನ ಆಚೆ ಬದಿಗೆ ಬಂದು ಬಿದ್ದೆವು. ನನ್ನ ಸೊಂಟ ಸೋತು ಸುಣ್ಣವಾಗಿತ್ತು.

"ಭಾವ, ಊರೊಳಗೇ ಬಂದಿದ್ದರೆ, ಎಂಥಾ ಟ್ರಾಫಿಕ್ ಇದ್ದರೂ ಮಧ್ಯಾಹ್ನಕ್ಕೇ ಇಲ್ಲಿರ್ತಿದ್ವಿ," ಎಂದೆ, ಅವರು ಗಾಡಿ ನಿಲ್ಲಿಸಿದ ಮೇಲೆ.

"ಇರ್ತಿದ್ವಿ," ಎಂದು ಒಪ್ಪಿಕೊಂಡರು. "ಆದರೆ ನಿಂತ್ಕೋಬೇಕಾಗ್ತಿತ್ತಲ್ಲ ಮಾರಾಯ."

ಅದರ ಅರ್ಥ ನನಗಾದದ್ದು ಮರುದಿನ, ಒಂದು ರೈಲ್ವೆ ಗೇಟಿನ ಎದುರು. ಗೇಟು ಹಾಕಿತ್ತು, ರೈಲು ಬರುವ ಸುಳಿವಿರಲಿಲ್ಲ. ಭಾವ ಎಂಜಿನ್ನು ಆರಿಸಿದರು. ಗಾಡಿಯೊಳಗೆ ಒಮ್ಮೆಲೇ ಸದ್ದಡಗಿತು. ಅವರ ಮೊಣಕೈ ತನ್ನಷ್ಟಕ್ಕೇ ಸ್ಟೀರಿಂಗಿನ ಮೇಲೆ ಊರಿತು, ಮೈ ಪಕ್ಕದ ಆಸನದ ಕಡೆ ಅರ್ಧ ತಿರುಗಿತು, ಅಲ್ಲಿಗೇ ನಿಂತಿತು. ಮರುಕ್ಷಣವೇ ಅವರು ಬಾಗಿಲು ತೆರೆದು ಕೆಳಗಿಳಿದುಬಿಟ್ಟರು. ಗಾಜು ಒರೆಸಿದರು. ಟೈರುಗಳನ್ನು ಒಂದೊಂದಾಗಿ ಒದ್ದು ನೋಡಿದರು. ಒರೆಸಿದ ಗಾಜನ್ನೇ ಮತ್ತೆ ಒರೆಸಿದರು. ರೈಲು ಹೋಗಿ ಗೇಟು ಏಳುವವರೆಗೂ ಆ ಮನುಷ್ಯ ಒಳಗೆ ಬರಲಿಲ್ಲ. ಮಂಚದ ಮೇಲೆ ಕುಳಿತಿದ್ದ ನನಗೆ ಆಗ ಗೊತ್ತಾಯಿತು. ಭಾವನವರ ಶತ್ರು ಟ್ರಾಫಿಕ್ಕಲ್ಲ. ಗಾಡಿ ನಿಂತಾಗ ಮಾತಾಡುವವರು ಯಾರೂ ಇಲ್ಲವಲ್ಲ, ಅದು. ಚಕ್ರ ಉರುಳುತ್ತಿರುವಷ್ಟು ಹೊತ್ತು ಪಕ್ಕದ ಆಸನದ ಮೌನ ಕಟ್ಟಳೆಯ ಮೌನ, ಅಕ್ಕ ಇದ್ದಾಗಲೂ ಇದ್ದ ಮೌನ. ನಿಂತ ಗಳಿಗೆಯಿಂದ ಮಾತ್ರ ಆಕೆ ಇಲ್ಲ.

ಇವರಿಗೆ ಒಬ್ಬಳೇ ಮಗಳು. ಅಪ್ಪ ಬಸ್ಸು ಓಡಿಸಿದ ಆ ಮಹಾನಗರದ ನಟ್ಟನಡುವೆ, ಒಂದು ಎತ್ತರದ ಕಟ್ಟಡದಲ್ಲಿ ಎರಡು ಕೋಣೆಯ ಮನೆ ಮಾಡಿಕೊಂಡಿದ್ದಾಳೆ. ಕಿವಿ ಕೇಳದ ಮಕ್ಕಳಿಗೆ ಪಾಠ ಹೇಳುವ ಕೆಲಸ. ತಾಯಿ ಹೋದ ಮೇಲೆ ಅಪ್ಪ ಆ ಕಡೆ ಬಂದಾಗಲೆಲ್ಲ ಅವಳೇ ಎರಡು ಬಸ್ಸು ಬದಲಿಸಿ ಊರ ಹೊರಗಿನ ಪೆಟ್ರೋಲ್ ಬಂಕಿಗೆ ಬರುತ್ತಿದ್ದಳು. ಲಾರಿಗಳ ನಡುವೆ ನಿಂತ ಮನೆಗಾಡಿಯ ಮಂಚದ ಮೇಲೆ ತಂದೆಮಗಳು ಕ್ಯಾರಿಯರು ಬಿಚ್ಚಿ ಉಂಡು, ಅವಳು ಅಪ್ಪನ ಕೋಟಿನ ಗುಂಡಿ ನೋಡಿ, ಅಪ್ಪ ಅವಳ ಚಪ್ಪಲಿಯ ಉಂಗುಟ ಹೊಲಿದು, ಕತ್ತಲಾಗುವ ಮುಂಚೆ ಅವಳು ವಾಪಸು. "ಮಾಮ, ಜನ ತವರುಮನೆಗೆ ಹೋಗ್ತಾರೆ, ನಾನು ಪೆಟ್ರೋಲ್ ಬಂಕಿಗೆ ಹೋಗ್ತೀನಿ," ಎಂದು ನನ್ನೆದುರು ನಗುತ್ತಿದ್ದಳು. ಆ ನಗೆಯ ಹಿಂದೆ ಏನಿತ್ತೆಂದು ತಿಳಿಯದಷ್ಟು ದಡ್ಡನೇನಲ್ಲ ನಾನು. ಅಪ್ಪ ಒಮ್ಮೆ ತನ್ನ ಮನೆಯ ಬಾಗಿಲು ತಟ್ಟಿ ಒಳಗೆ ಬಂದು ಕೂರಬೇಕು, ಇಷ್ಟೇ ಅವಳ ಆಸೆ.

ಹೋದ ವರ್ಷ ಅವಳು ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಳು. ತೊಡೆಯವರೆಗೆ ಪ್ಲಾಸ್ಟರು. ಬಂಕಿಗೆ ಬರುವ ಮಾತೇ ಇಲ್ಲ. ಭಾವ ನಾಲ್ಕು ಊರಿನಾಚೆ ಇದ್ದವರು ಸುದ್ದಿ ಕೇಳಿ ದೌಡಾಯಿಸಿ ಬಂದರು, ಬಂದು ಬಂಕಿನಲ್ಲಿ ತಂಗಿದರು. ಮರುದಿನ, ಕಟ್ಟಳೆಯ ಪ್ರಕಾರ, ಹಾಲಿನ ವ್ಯಾನುಗಳ ಹಿಂದೆಯೇ ನಗರ ಪ್ರವೇಶಿಸಿ, ಕೋಳಿ ಕೂಗುವ ಹೊತ್ತಿಗೆ ಮಗಳ ಬಾಗಿಲು ತಟ್ಟಿದರು. ಊರುಗೋಲು ಹಿಡಿದು ನಿದ್ದೆಗಣ್ಣಿನಲ್ಲಿ ಬಾಗಿಲು ತೆರೆದ ಮಗಳು ಅಪ್ಪನನ್ನು ಕಂಡು ಅವಸರವಾಗಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳಂತೆ. ಕುರ್ಚಿ ತೋರಿಸಿದಳು. ಭಾವ ಕುರ್ಚಿಯ ತುದಿಯಲ್ಲಿ ಕುಳಿತರು. ಪ್ಲಾಸ್ಟರನ್ನು ಬೆರಳಿನಿಂದ ತಟ್ಟಿ ನೋಡಿದರು. ಗೋಡೆಯ ಮೇಲಿದ್ದ ಅಕ್ಕನ ಚಿತ್ರದ ಕಡೆ ನೋಡಲಿಲ್ಲ. ಅವಳು ಒಂದೇ ಕಾಲಲ್ಲಿ ನಿಂತು ಚಹಾಕ್ಕಿಟ್ಟಳು. ಚಹಾ ಇನ್ನೂ ಕುದಿ ಬಂದಿರಲಿಲ್ಲ, ಅಷ್ಟರಲ್ಲಿ ಭಾವ ಕಿಟಕಿಯಿಂದ ಕೆಳಗಿನ ರಸ್ತೆಯನ್ನು ನೋಡಿ ಎದ್ದು ನಿಂತರು.

"ಸ್ಕೂಲ್ ಬಸ್ಸುಗಳು ಹೊರಡೋ ಹೊತ್ತಾಯ್ತು. ಈಗ ಬಿಟ್ಟರೆ ಸರಿ, ಇಲ್ಲದಿದ್ದರೆ ಸಿಕ್ಕಿಹಾಕ್ಕೋತೀನಿ," ಎಂದರು.

ಅವಳು ಚಹಾದ ಪಾತ್ರೆಯನ್ನು ಒಲೆಯಿಂದಿಳಿಸಿದಳು. "ಹೋಗಿಬನ್ನಿ," ಎಂದಳು. ಅವರು ಬಾಗಿಲು ದಾಟುವಾಗ, "ಅಮ್ಮ ಹೋದ ಮೇಲೆ ನೀವು ನನ್ನನ್ನೂ ಈ ಊರುಗಳ ಥರಾನೇ ಸುತ್ತಿಬಳಸಿ ಹೋಗ್ತೀರಪ್ಪ. ನಾನೇನು ಟ್ರಾಫಿಕ್ಕಾ?" ಎಂದಳು.

ಭಾವ ಎಡಗಾಲನ್ನು ಒತ್ತಿ ಒತ್ತಿ ಮೆಟ್ಟಿಲಿಳಿದು ಹೋದರು. ಅವಳು ಕೂಡಲೇ ನನಗೆ ಫೋನು ಮಾಡಿ, ಸಣ್ಣಂದಿನಲ್ಲಿ ಅತ್ತಂತೆ ಬಿಕ್ಕಿ ಬಿಕ್ಕಿ ಅತ್ತಳು. ಮೊದಲ ಸಲ ನನಗೆ ಭಾವನ ಮೇಲೆ ಕೆಂಡದಂಥ ಕೋಪ ಬಂತು. ಬೈಯಲೆಂದು ಫೋನು ಮಾಡಿದರೆ ಅವರು ಎತ್ತಲಿಲ್ಲ. ಗಾಡಿ ಓಡುತ್ತಿತ್ತಲ್ಲ!

ಮುಂದಿನದನ್ನು ನಾನು ಅವರ ಬಾಯಿಂದಲೇ, ನನ್ನ ಹಿತ್ತಲಲ್ಲಿ, ಗಾಡಿ ನಿಂತಿರುವಾಗ ಕೇಳಿದ್ದು. ರಸ್ತೆ ಖಾಲಿಯಿತ್ತು. ಸಲೀಸಾಗಿ ಬಂಕು ತಲುಪಿದರು. ಅಂಥ ಸಲೀಸಾದ ದಾರಿ ಅವರಿಗೆ ಆ ಊರಿನಲ್ಲಿ ಯಾವತ್ತೂ ಸಿಕ್ಕಿರಲಿಲ್ಲ. ಮಾಮೂಲಿನಂತೆ ಇಳಿದು ಗಾಜು ಒರೆಸುತ್ತಿದ್ದಾಗ, ನಗರದೊಳಕ್ಕೆ ಹೋಗುವ ಬದಿಯಲ್ಲಿ ವಾಹನಗಳು ಒಂದರ ಹಿಂದೊಂದು ಕೂಡುತ್ತ, ನೋಡನೋಡುತ್ತಲೇ ಕಣ್ಣು ಹಾಯುವವರೆಗೂ ಸಾಲುಗಟ್ಟಿದವು. ಭಾವ ಬಟ್ಟೆ ಹಿಂಡಿ ಒಣಹಾಕಿದರು. ಗಾಡಿ ಹತ್ತಿ, ತಿರುಗಿಸಿ, ಆ ಸಾಲಿನ ಬಾಲಕ್ಕೆ ತಂದು ನಿಲ್ಲಿಸಿದರು. ಯಾಕೆ ಭಾವ ಎಂದರೆ, "ನಾನೇನು ಟ್ರಾಫಿಕ್ಕಾ ಅಂದಳಲ್ಲ," ಎಂದರು, ಅದು ಸಾಕಷ್ಟು ಉತ್ತರವೆಂಬಂತೆ.

ಸಾಲು ಸ್ವಲ್ಪ ತೆವಳಿ ಒಂದು ಮೇಲ್ಸೇತುವೆಯ ನೆರಳಿನಲ್ಲಿ ಗಟ್ಟಿಯಾಗಿ ಕಚ್ಚಿಕೊಂಡಿತು. ಎಲ್ಲರೂ ಎಂಜಿನ್ನು ಆರಿಸಿದರು. ಭಾವನೂ ಆರಿಸಿದರು. ಇಳಿಯೋಣವೆಂದರೆ ಎರಡೂ ಕಡೆ ವಾಹನಗಳು ಬಾಗಿಲು ತೆರೆಯಲಾರದಷ್ಟು ಒತ್ತಿ ನಿಂತಿದ್ದವು. ಒರೆಸಲು ಗಾಜಿಲ್ಲ, ಒದೆಯಲು ಟೈರಿಲ್ಲ. ಮೊಣಕೈ ಸ್ಟೀರಿಂಗಿಗೆ ಹೋಯಿತು, ಮೈ ತಿರುಗಿತು. ಈ ಸಲ ಪೂರ್ತಿ ತಿರುಗಿತು.

"ಏನು ಹೇಳಲಿ ಅಂತಲೇ ಗೊತ್ತಾಗಲಿಲ್ಲ ಕಣಯ್ಯ. ಎಷ್ಟೊಂದು ಬಾಕಿ ಇತ್ತು. ಕೊನೆಗೆ, ಮಗಳು ಕಾಲು ಮುರಿದುಕೊಂಡಿದಾಳೆ ಕಣೇ ಅಂದೆ. ಅಷ್ಟು ಅಂದಿದ್ದೇ ತಡ, ಮಿಕ್ಕಿದ್ದೆಲ್ಲ ತಾನೇ ಬಂತು."

ಆ ಸೇತುವೆಯ ಕೆಳಗೆ, ಮಡಿಸಿಟ್ಟ ನೀಲಿ ಶಾಲಿಗೆ, ಆಕೆ ಹೋದಂದಿನಿಂದ ಒಳಗೇ ಕೂಡಿಹಾಕಿಕೊಂಡಿದ್ದ ಅಷ್ಟನ್ನೂ ಅವರು ಹೇಳಿದರು. ನನ್ನ ಕೆಮ್ಮನ್ನೂ ಬಿಡಲಿಲ್ಲವಂತೆ. ಹೇಳುತ್ತ ಹೇಳುತ್ತ ಅತ್ತರು. ಅತ್ತದ್ದನ್ನು ನನಗೆ ಹೇಳುವಾಗ ಅವರು ನನ್ನ ಭುಜದಾಚೆ ನೋಡಲಿಲ್ಲ, ನನ್ನನ್ನೇ ನೋಡಿದರು. ಆಮೇಲೆ ಎದ್ದು ಹಿಂದೆ ಹೋಗಿ ಚಹಾ ಮಾಡಿದರು. ಕೈ ರೂಢಿಯಂತೆ ಎರಡು ಕಪ್ಪಿಗೆ ಸುರಿದಿತ್ತು. ಎರಡನೆಯದು ಅಕ್ಕನ ದಪ್ಪ ಅಂಚಿನ ಪಿಂಗಾಣಿ ಕಪ್ಪು. ಅದನ್ನು ಹಿಡಿದುಕೊಂಡು ಏನು ಮಾಡಬೇಕೆಂದು ತೋಚದೆ ನಿಂತಿರುವಾಗ, ಪಕ್ಕದ ಸಿಮೆಂಟು ಲಾರಿಯ ಚಾಲಕ, ಮುಖವೆಲ್ಲ ಬೂದಿ ಬಳಿದಂತಿದ್ದವನು, ಕಿಟಕಿಯಿಂದ ಇತ್ತಲೇ ನೋಡುತ್ತಿರುವುದು ಕಂಡಿತು. ಭಾವ ಕೈ ಚಾಚಿ ಕಪ್ಪು ಕೊಟ್ಟರು. ಆತ ಎರಡೂ ಕೈಯಲ್ಲಿ ತೆಗೆದುಕೊಂಡ. "ಚಹಾ ಚೆನ್ನಾಗಿದೆ ಯಜಮಾನ್ರೇ, ಮನೆಯವರು ಮಾಡಿದ್ದಾ?" ಎಂದ. "ಅವಳು ಕಲಿಸಿದ್ದು," ಎಂದರು ಭಾವ. ಆತ ಇನ್ನೂ ಕುಡಿಯುತ್ತಿರುವಾಗಲೇ ಅವನ ಬದಿಯ ಸಾಲು ಸಡಿಲವಾಯಿತು, ಹಿಂದಿನವರು ಹಾರನ್ನಿನ ಮೇಲೆ ಏರಿ ಕುಳಿತರು, ಕಪ್ಪಿನ ಸಮೇತ ಲಾರಿ ಹೊರಟುಹೋಯಿತು. ಆತ ಕಿಟಕಿಯಿಂದ ಕಪ್ಪನ್ನು ಎತ್ತೆತ್ತಿ ತೋರಿಸುತ್ತಿದ್ದ, ಭಾವ ಇರಲಿ ಇರಲಿ ಎಂದು ಕೈಯಾಡಿಸುತ್ತಿದ್ದರು.

ಮಗಳ ಮನೆ ತಲುಪುವಾಗ ಮಧ್ಯಾಹ್ನ ಕಳೆದಿತ್ತು. ಮುಚ್ಚಿಹೋದ ಒಂದು ಸಿನಿಮಾ ಮಂದಿರದ ಅಂಗಳದಲ್ಲಿ ಕಾವಲುಗಾರನ ಕೈಕಾಲು ಹಿಡಿದು ಗಾಡಿ ನಿಲ್ಲಿಸಿ, ನಡೆದು ಬಂದು ಬಾಗಿಲು ತಟ್ಟಿದರು.

ಅವಳು ಬಾಗಿಲು ತೆರೆದು, ಅಪ್ಪನ ಕೆಂಪಾದ ಕಣ್ಣು ನೋಡಿ, "ಯಾಕಪ್ಪ? ಏನಾದರೂ ಮರೆತುಹೋದ್ರಾ?" ಎಂದಳು.

"ಇಲ್ಲಮ್ಮ," ಎಂದರು ಭಾವ. "ಟ್ರಾಫಿಕ್ಕಲ್ಲಿ ಸಿಕ್ಕಿಹಾಕ್ಕೊಂಡಿದ್ದೆ. ಅದಕ್ಕೇ ಬರೋದು ಇಷ್ಟು ತಡ ಆಯ್ತು."

ಅವಳ ಪ್ಲಾಸ್ಟರು ಬಿಚ್ಚುವವರೆಗೂ ಅವರು ಅಲ್ಲಿಯೇ ಇದ್ದರು. ಅಡಿಗೆ ಮಾಡಿದರು, ಅಕ್ಕನ ಚಿತ್ರದ ಕೆಳಗಿನ ಕುರ್ಚಿಯಲ್ಲಿ ಪೂರ್ತಿ ಒರಗಿ ಕುಳಿತರು. ಅವಳು ನಡೆಯುವಂತಾದ ಮೇಲೆ ಮತ್ತೆ ಹೊರಟರು. ಹೋಗುವಾಗ ಗಾಡಿಯ ಪಕ್ಕ ನಿಂತು ಅವಳೇ "ರೈಟ್" ಎಂದಳಂತೆ. ಭಾವ ಬದಲಾಗಿಬಿಟ್ಟರು ಎಂದು ಹೇಳಿದರೆ ಸುಳ್ಳಾದೀತು. ಶಾಲು ಅಲ್ಲೇ ಇದೆ, ಬೆಲ್ಟೂ ಇದೆ. ಪರವೂರುಗಳನ್ನು ಅವರು ಇಂದಿಗೂ ಬೆನ್ನಿನ ಕಡೆಯಿಂದಲೇ ನೋಡುತ್ತಾರೆ. ಆದರೆ ಎಲ್ಲಿಯಾದರೂ ಸಾಲು ಕಚ್ಚಿಕೊಂಡರೆ ಈಗ ಕೆಳಗಿಳಿದು ಟೈರು ಒದೆಯುವುದಿಲ್ಲ. ನನಗೋ ಮಗಳಿಗೋ ಫೋನು ಮಾಡುತ್ತಾರೆ.

ಇಂಥವರು ನಮ್ಮ ನಡುವೆ ಹಲವರಿದ್ದಾರೆ. ಸದಾ ಯಾವುದೋ ಕೆಲಸ, ಯಾವುದೋ ಪ್ರಯಾಣ. ಕೂರಿ ಎಂದರೆ ಕೂರುವುದಿಲ್ಲ, ನಿಲ್ಲಿ ಎಂದರೆ ನಿಲ್ಲುವುದಿಲ್ಲ. ಲೋಕ ಅವರನ್ನು ಚಟುವಟಿಕೆಯವರೆಂದು, ತಿರುಗಾಟದ ಹುಚ್ಚಿನವರೆಂದು ಕೊಂಡಾಡುತ್ತದೆ. ಅವರು ಓಡುತ್ತಿರುವುದು ಎಲ್ಲಿಗೋ ತಲುಪಲೆಂದಲ್ಲ, ನಿಂತರೆ ಪಕ್ಕಕ್ಕೆ ತಿರುಗಿ ನೋಡಬೇಕಾಗುತ್ತದೆ ಎಂದು. ಅವರನ್ನು ತಡೆದು ನಿಲ್ಲಿಸಲು ಯಾರಿಂದಲೂ ಆಗುವುದಿಲ್ಲ. ನಿಂತ ಗಳಿಗೆಯಲ್ಲಿ ಒಂದು ದನಿಯಾಗಿ ಪಕ್ಕದಲ್ಲಿರಬಹುದು, ಅಷ್ಟೆ. ಭಾವನ ಫೋನು ಬಂದಾಗ ಹಿಂದೆ ಹಾರನ್ನುಗಳು ಬೊಬ್ಬಿಡುತ್ತಿರುತ್ತವೆ. ನಾನು ಕುರ್ಚಿ ಎಳೆದುಕೊಂಡು ಕೂರುತ್ತೇನೆ. ಅಕ್ಕನ ಹಾಗೆ ಕೆಮ್ಮಿನಿಂದ ಹಿಡಿದು ಹಿತ್ತಲಿನ ಬೇಲಿಯವರೆಗೆ ಎಲ್ಲ ಹೇಳುತ್ತೇನೆ, ಅವರೂ ಹೇಳುತ್ತಾರೆ. ಮುಂದಿನ ಗಾಡಿ ಹೊರಟಿತೆಂದರೆ ಮಾತಿನ ನಡುವೆಯೇ, ಒಂದು ಅಕ್ಷರವನ್ನೂ ಮುಗಿಸದೆ, ಫೋನು ಕಡಿದುಹೋಗುತ್ತದೆ. ಆ ಸಾಲು ಇನ್ನೊಂದು ಸ್ವಲ್ಪ ಹೊತ್ತು ನಿಂತಿದ್ದರೆ ಏನಾಗುತ್ತಿತ್ತು ಎಂದುಕೊಂಡು ನಾನು ಕುರ್ಚಿಯಲ್ಲಿ ಹಾಗೆಯೇ ಕುಳಿತಿರುತ್ತೇನೆ.